ಮುದ್ರೆ ಬೀಳದ ಮಾವಿನಹಣ್ಣು

ಹಾನಗಲ್ಲಿನಲ್ಲಿ ಹುಟ್ಟಿಯೂ ಮಾವಿನಹಣ್ಣಿಗೆ ಹಂಬಲಿಸಿದವರು ಯಾರಾದರೂ ಇದ್ದರೆ ಅದು ನಮ್ಮ ಪಕ್ಕದ ಮನೆಯ ಉಳವಪ್ಪ ಮಾಸ್ತರು. ಅವರ ಹಿತ್ತಲಲ್ಲಿ ಅಜ್ಜ ನೆಟ್ಟ ಆಪೂಸಿನ ಮರವಿದೆ. ಅದನ್ನು ಅವರು ತಲೆಯೆತ್ತಿ ನೋಡಿದ್ದು ಕಡಿಮೆ. ಅವರಿಗೆ ಬೇಕಾಗಿದ್ದುದು ಹೆಬ್ಬೆರಳಿನ ಉಗುರಿನಷ್ಟು ಅಗಲದ, ಐವತ್ತು ಪೈಸೆಯ, ಕಾಗದದ ಮಾವಿನಹಣ್ಣು. ಕೈಯಲ್ಲಿ ಬೆಣ್ಣೆ ಹಿಡಿದುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದು ಎಂದರೆ ಇದೇ.

ಮಾಸ್ತರು ಎಂದರೆ ಸಾಲಿ ಮಾಸ್ತರಲ್ಲ, ಪೋಸ್ಟ್ ಮಾಸ್ತರು. ಸುತ್ತಲಿನ ಹಳ್ಳಿಗಳಲ್ಲಿ ಸುಮಾರು ನಲವತ್ತು ವರ್ಷ ಕಾಗದಗಳಿಗೆ ಠಸ್ಸೆ, ಅಂದರೆ ಅಂಚೆಮುದ್ರೆ, ಹೊಡೆದು ನಿವೃತ್ತರಾದವರು. ಅಂಚೆಚೀಟಿ ಕೂಡಿಸುವುದು ಅವರ ಹುಚ್ಚು, ಅದರಲ್ಲೂ ಹಣ್ಣಿನ ಚಿತ್ರ ಇರುವವು ಮಾತ್ರ. ಸೇಬು, ಕಿತ್ತಳೆ, ಅನಾನಸು, ಹೆಸರೇ ಗೊತ್ತಿಲ್ಲದ ಮುಳ್ಳುಹಣ್ಣು, ಎಲ್ಲವೂ ಆ ಆಲ್ಬಮ್ಮಿನಲ್ಲಿದ್ದವು. ಅವರ ಮನೆಯಲ್ಲಿ ಚಹಾ ಕುಡಿಯಬೇಕೆಂದರೆ ಮೊದಲು ನಲವತ್ತು ದೇಶ ಸುತ್ತಿ ಬರಬೇಕು. ನಾನು ಎಷ್ಟೋ ಸಲ ಹನ್ನೆರಡನೆಯ ದೇಶದಲ್ಲೇ ಚಹಾ ಬೇಡವೆಂದು ಎದ್ದು ಬಂದಿದ್ದೇನೆ.

ಆಲ್ಬಮ್ಮಿನ ಮೊದಲ ಪುಟ ಮಾತ್ರ ಖಾಲಿ. ಹಣ್ಣುಗಳ ರಾಜನಿಗೆಂದು ಬಿಟ್ಟ ಜಾಗ ಅದು. ನಮ್ಮದೇ ದೇಶದ ಆ ಹಳೆಯ ಮಾವಿನ ಚೀಟಿ ಅಷ್ಟೇನೂ ಅಪರೂಪದ್ದಲ್ಲ. ಮಾಸ್ತರು ನೌಕರಿಗೆ ಸೇರಿದ ಹೊಸದರಲ್ಲಿ ಅಂಥವು ಅವರ ಕೈಮೇಲೆಯೇ ಹಾದುಹೋಗಿದ್ದವು. ಆಗ ಇನ್ನೂ ಹುಚ್ಚು ಹಿಡಿದಿರಲಿಲ್ಲ, ಕರ್ತವ್ಯ ಹಿಡಿದಿತ್ತು. ಕಂಡ ಕಂಡ ಮಾವಿನಹಣ್ಣಿಗೆಲ್ಲ ಕರಿ ಠಸ್ಸೆ ಹೊಡೆದರು. ಈಗ ಅವರಿಗೆ ಬೇಕಾದದ್ದು ಠಸ್ಸೆ ಬೀಳದ ಮಾವು. ಸಿಕ್ಕವಕ್ಕೆಲ್ಲ ಮಸಿ ಮೆತ್ತಿತ್ತು, ಒಂದರ ಮೇಲಂತೂ ಅವರದೇ ಕಚೇರಿಯ ಠಸ್ಸೆ ಇತ್ತು.

ಮೊಬೈಲಿನಲ್ಲಿ ತರಿಸಿಕೊಡುತ್ತೇನೆ ಎಂದು ನಾನು ಒಮ್ಮೆ ಹೇಳಿ ಬೈಸಿಕೊಂಡೆ.

"ಕೊಂಡಿದ್ದು ಕೂಡಿಸಿದಂಗ ಆಗಂಗಿಲ್ಲೋ ಚನ್ನೇಶ. ಅದು ಸಂತಿ ಮಾಡಿದಂಗ. ಚೀಟಿ ಕೈಯಿಂದ ಕೈಗೆ ಬರ್ಬೇಕು."

ಅಂಥ ಕೈ ಒಂದೇ ಒಂದು ಇತ್ತು, ಸವಣೂರಿನ ಮಹಮ್ಮದಗೌಸರದು. ವೀಳ್ಯದೆಲೆ ವ್ಯಾಪಾರಿ, ಅವರಿಗೂ ಇದೇ ಹುಚ್ಚು, ಠಸ್ಸೆ ಬೀಳದ ಮಾವೂ ಅವರಲ್ಲಿತ್ತು. ಇಪ್ಪತ್ತು ವರ್ಷಗಳಿಂದ ಅವರದು ಒಂದೇ ಮಾತು: "ಮಾಸ್ತರ, ರೊಕ್ಕದ ಮಾತು ಬ್ಯಾಡ್ರಿ. ನಿಮ್ಮ ಹಿತ್ತಲ ಮರದ್ದು ಮೊದಲ ಕೊಯ್ಲಿನ ಒಂದು ಬುಟ್ಟಿ ಹಣ್ಣು ಕೊಡ್ರಿ, ಚೀಟಿ ನಿಮ್ದ."

ಇಪ್ಪತ್ತು ವರ್ಷ ಮಾಸ್ತರು ಈ ಮಾತಿಗೆ ನಕ್ಕು ಸುಮ್ಮನಾಗಿದ್ದರು. ಕಾರಣವಿತ್ತು. ಆ ಮರದ ಮೊದಲ ಬುಟ್ಟಿ ಚಿಕ್ಕೇರೂರಿಗೆ ಕೊಟ್ಟ ತಂಗಿ ಸರೋಜವ್ವನದು. ಅವಳಿಗೆ ಮುಟ್ಟುವವರೆಗೆ ಮನೆಯಲ್ಲಿ ಯಾರೂ ಒಂದು ಹಣ್ಣನ್ನೂ ತಿನ್ನುವಂತಿಲ್ಲ. ಅಪ್ಪ ಅವ್ವ ಹೋಗಿ ಎಷ್ಟೋ ಕಾಲವಾಗಿತ್ತು. ಅರವತ್ತು ದಾಟಿದ ಸರೋಜವ್ವ ಆ ಹಣ್ಣನ್ನು ಓಣಿಯ ಮನೆಮನೆಗೆ ಎರಡೆರಡು ಹಂಚಿ "ನಮ್ಮ ತವರಿನವು" ಎನ್ನುತ್ತಿದ್ದಳು. ತನಗಿನ್ನೂ ತವರು ಇದೆ ಎಂದು ಊರಿಗೆ ಹೇಳಲು ಅವಳ ಬಳಿ ಉಳಿದದ್ದು ಆ ಬುಟ್ಟಿ ಒಂದೇ. ನಮ್ಮಂಥ ಗಂಡಸರಿಗೆ ಇದು ತಿಳಿಯಲು ಜನ್ಮವೇ ಬೇಕಾಗುತ್ತದೆ.

ಈ ವರ್ಷ ಅಕಾಲದ ಮಳೆಗೆ ಹೂವು ಉದುರಿ, ಮರ ಬಿಟ್ಟದ್ದೇ ಒಂದು ಬುಟ್ಟಿ. ಅದೇ ಹೊತ್ತಿಗೆ ಹಾವೇರಿಯಲ್ಲಿ ಅಂಚೆಚೀಟಿಗಳ ಪ್ರದರ್ಶನವೆಂದು ಸುದ್ದಿ ಬಂತು. ಮೊದಲ ಪುಟ ಖಾಲಿ ಇಟ್ಟುಕೊಂಡು ಹೋಗುವುದು ಹೇಗೆಂದು ಮಾಸ್ತರಿಗೆ ನಿದ್ದೆ ಹಾರಿತು. ಸರೋಜವ್ವನ ಫೋನೂ ಬಂತು.

"ಅಣ್ಣಾ, ಈ ಸಲ ಬುಟ್ಟಿ ತಪ್ಪಸಬ್ಯಾಡ. ಗುರುವಾರ ಮೊಮ್ಮಗಳು ಅಂಕಿತಾನ್ನ ನೋಡಾಕ ಗಂಡಿನ ಕಡ್ಯಾವ್ರು ಬರಾಕತ್ತಾರ. ನಮ್ಮ ತವರಿನ ಹಣ್ಣ ಇಡ್ತೇನಿ ಅಂತ ಹೇಳಿ ಕುಂತೇನಿ."

"ಬರ್ತೈತಿ ಬಿಡವ್ವ" ಎಂದರು ಮಾಸ್ತರು.

ಮಂಗಳವಾರ ಹೆಂಡತಿ ನೀಲಾಂಬಿಕಾ ಹುಲ್ಲು ಹಾಸಿ, ಹಣ್ಣು ಜೋಡಿಸಿ, ಬುಟ್ಟಿಯ ಬಾಯಿ ಹೊಲಿದು ಕೊಟ್ಟರು. ಮಾಸ್ತರು ಬಸ್ ಸ್ಟ್ಯಾಂಡಿಗೆ ಹೋಗಿ, ಚಿಕ್ಕೇರೂರಿನ ಬಸ್ಸು ಬಿಟ್ಟು ಸವಣೂರಿನ ಬಸ್ಸು ಹತ್ತಿದರು.

ಸಂಜೆ ನನ್ನನ್ನು ಕರೆದು ಚಿಮಟದಲ್ಲಿ ಎತ್ತಿ ತೋರಿಸಿದರು. ಚೀಟಿ ನಿಜಕ್ಕೂ ಚಂದವಿತ್ತು. ಒಂದು ಹನಿ ಮಸಿ ಇರಲಿಲ್ಲ.

"ಮತ್ತ ಸರೋಜಕ್ಕನ ಬುಟ್ಟಿರಿ?" ಎಂದೆ.

"ಹಣ್ಣು ನಾಕು ದಿನಕ್ಕ ಕೊಳಿತೈತಿ. ಇದು ನೂರು ವರ್ಷ ಇರ್ತೈತಿ. ಅಕಿ ನನ್ನ ತಂಗಿ, ತಿಳಕೊಂತಾಳ. ಗುರುವಾರ ಆಲ್ಬಮ್ಮು ಒಯ್ದು ಬೀಗರಿಗೆ ತೋರಿಸಿದ್ರ ಅವರೂ ಖುಷಿ ಪಡ್ತಾರ. ನೀ ಗಾಡಿ ತಗದು ಬಾ."

ಬರುವುದಿಲ್ಲ ಎನ್ನಬೇಕಿತ್ತು. ಆದರೆ ಗಾಡಿ ಇದ್ದವನಿಗೆ ನೆರೆಹೊರೆಯವರ ಪಾಪದಲ್ಲೂ ಪಾಲು ಇರುತ್ತದೆ. ಅದರ ಮೇಲೆ ನನಗೂ ಏನಾಗುತ್ತದೋ ನೋಡುವ ಚಪಲ. ಗುರುವಾರ ಹೊರಟೆವು. ದಾರಿಯುದ್ದಕ್ಕೂ ಮಾಸ್ತರು ಹಿಂದೆ ಕುಳಿತು, ಕಾಗದದ ಹಣ್ಣಿನ ಮುಂದೆ ತಿನ್ನುವ ಹಣ್ಣು ಎಷ್ಟು ಕ್ಷಣಿಕವೆಂದು ನನ್ನ ಬೆನ್ನಿಗೆ ಪ್ರವಚನ ಹೇಳಿದರು.

ಸರೋಜವ್ವನ ಮನೆಯ ಹೊಸ್ತಿಲಿಗೆ ಬಂದೆವು. ಒಳಗಿನಿಂದ ಆಪೂಸಿನ ವಾಸನೆ ಬರುತ್ತಿತ್ತು. ಪಡಸಾಲೆಯಲ್ಲಿ ಗಂಡಿನ ಕಡೆಯವರು ಕುಳಿತಿದ್ದರು. ಪ್ರತಿಯೊಬ್ಬರ ಮುಂದೆ ಹೆಚ್ಚಿದ ಹಣ್ಣಿನ ತಟ್ಟೆ. ಅವರ ನಡುವೆ, ಮನೆಯ ಹಿರಿಯರನ್ನು ಕೂರಿಸುವ ಜಾಗದಲ್ಲಿ, ಮಹಮ್ಮದಗೌಸರು ಮುಜುಗರದಿಂದ ಮುದುಡಿ ಕುಳಿತಿದ್ದರು.

ನಮ್ಮನ್ನು ಕಂಡು ಅವರು ಎದ್ದು ಹೊರಗೆ ಬಂದರು. ನಡೆದದ್ದನ್ನು ಮೆಲ್ಲಗೆ ಹೇಳಿದರು. ಅವರ ಮನೆಯಲ್ಲಿ ಹೆಂಡತಿ ಗೌಸಬಿ ಬುಟ್ಟಿ ಬರಿದು ಮಾಡಿದಾಗ ಹುಲ್ಲಿನ ಅಡಿಯಲ್ಲಿ ಒಂದು ಕುಪ್ಪಸದ ಖಣ, ಅರಿಷಿಣ ಕುಂಕುಮದ ಪೊಟ್ಟಣ ಸಿಕ್ಕವು. ತವರಿನ ಬುಟ್ಟಿಯ ಅಡಿಗೆ ಉಡಿ ತುಂಬುವ ಖಣ ಇಡುವುದು ನೀಲಾಂಬಿಕಾ ಪ್ರತಿವರ್ಷ ಮಾಡುತ್ತಿದ್ದ ಕೆಲಸ. ಪ್ರತಿವರ್ಷ ಹೊತ್ತೊಯ್ದ ಮಾಸ್ತರಿಗೆ ಅದು ಗೊತ್ತೇ ಇರಲಿಲ್ಲ.

"ನಮ್ಮಾಕಿ ಹಣ್ಣ ಮುಟ್ಟಾಕ ಬಿಡಲಿಲ್ರಿ. ಇದು ಹೆಣ್ಣಮಗಳ ಬುಟ್ಟಿ, ನಮಗ ದಕ್ಕಂಗಿಲ್ಲ, ಮೊದ್ಲು ಮುಟ್ಟಿಸಿ ಬರ್ರಿ ಅಂದ್ಲು. ಚಿಕ್ಕೇರೂರ ತಂಗಿ ಸುದ್ದಿ ನೀವ ಹೇಳಿದ್ರಲ್ಲ, ಮುಂಜಾನಿ ಬಸ್ಸಿಗೆ ತಂದೆ. ನಿಮ್ಮ ಕೈಗೆ ಹೆಂಗ ಬಂತು ಅಂತ ಅಕ್ಕಾರು ಕೇಳಿದ್ರು. ಸುಳ್ಳು ಹೇಳಾಕ ಬರಲಿಲ್ರಿ ಮಾಸ್ತರ."

ಮಾಸ್ತರು ಆಲ್ಬಮ್ಮು ತೆರೆದು ಚೀಟಿ ತೆಗೆಯಹೋದರು. ಗೌಸರು ಅವರ ಕೈ ಹಿಡಿದು ಮುಚ್ಚಿಸಿದರು. "ಕೊಟ್ಟಿದ್ದು ಕೊಟ್ಟಾತು. ನಿಮ್ಮ ಹಂತೇಕ ಇರ್ಲಿ."

ಸರೋಜವ್ವ ಬಾಗಿಲಿಗೆ ಬಂದಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಮಾಸ್ತರು ಬದುಕಿಕೊಳ್ಳುತ್ತಿದ್ದರು. ಕಾಲಿಗೆ ನೀರು ಕೊಟ್ಟು, ಬಾಗಿಲ ಪಕ್ಕದ ಕುರ್ಚಿ ತೋರಿಸಿದಳು. ಅಷ್ಟರಲ್ಲಿ ಗಂಡಿನ ತಾಯಿ ಹಣ್ಣಿನ ಹೋಳು ಬಾಯಿಗಿಟ್ಟು ಮೆಚ್ಚಿಕೊಂಡು ಕೇಳಿದರು.

"ಭಾಳ ರುಚಿ ಅದಾವ್ರಿ. ತವರಿಂದ ಯಾರು ತಂದಾರ್ರಿ?"

ಸರೋಜವ್ವ ಗೌಸರ ಕಡೆ ಕೈ ತೋರಿಸಿದಳು. "ಇವರರೀ, ನಮ್ಮಣ್ಣ."

"ಮತ್ತ ಈಗ ಬಂದಾವ್ರು?"

"ಅವರು ಹಾನಗಲ್ಲಿನ ಪೋಸ್ಟ್ ಮಾಸ್ತರರೀ" ಎಂದು, ಒಂದು ತಟ್ಟೆ ತಂದು ಮಾಸ್ತರ ಮುಂದೆ ಹಿಡಿದಳು. "ತಗೋರಿ."

ಹುಟ್ಟಿದಾಗಿನಿಂದ ಅವಳು ಅಣ್ಣನಿಗೆ 'ರಿ' ಹಚ್ಚಿ ಮಾತಾಡಿದವಳಲ್ಲ. ಮಾಸ್ತರು ತಟ್ಟೆ ತೆಗೆದುಕೊಂಡರು, ಹೋಳೊಂದನ್ನು ಬಾಯಿಗಿಟ್ಟರು.