ನಾದಿನಿಗೆ ಹೇಳದೆ ಬಿಟ್ಟ ಮಾತು

ಶಾಂತಾ, ನಿನ್ನ ಅವ್ವನಿಗೆ ನೀನು ನೀರು ಕುಡಿಸುವಾಗ ನಾನು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದೆ. ಬೇಡ ಅನ್ನಬೇಕಾಗಿತ್ತು—ಅನ್ನಲಿಲ್ಲ. ಬೇಕಂತಲೇ ಅನ್ನಲಿಲ್ಲ.

ಅತ್ತೆಗೆ ಲಕ್ವಾ ಹೊಡೆದ ಮೇಲೆ ವಿಜಯಪುರದ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದ್ದರು. ನುಂಗುವ ಶಕ್ತಿ ಕುಂದಿದೆ, ತೆಳ್ಳಗಿನ ನೀರು ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿಯುತ್ತದೆ, ಅದರಿಂದ ನ್ಯುಮೋನಿಯಾ ಆದರೆ ಈ ವಯಸ್ಸಿನಲ್ಲಿ ಉಳಿಸುವುದು ಕಷ್ಟ. ನೆಟ್ಟಗೆ ಕೂರಿಸಿ, ಗದ್ದ ತುಸು ಬಗ್ಗಿಸಿ, ಗಟ್ಟಿ ಅಂಬಲಿಯನ್ನೇ ಚಮಚದಲ್ಲಿ ಕೊಡಬೇಕು. ಉಂಡ ಕೂಡಲೇ ಮಲಗಿಸಬಾರದು. ಬಾಯಿ ಸ್ವಚ್ಛ ಇಡಬೇಕು. ಎಲ್ಲ ಮಾಡಿದೆ. ಜೀವಮಾನವಿಡೀ ನನ್ನನ್ನು ಹಂಗಿಸಿದ ಬಾಯಿಗೆ ನಾನೇ ಚಮಚ ಹಿಡಿದೆ. ಅದನ್ನು ನಮ್ಮೂರು ಟಿಕೋಟಾದಲ್ಲಿ ಯಾರೂ ನೋಡಲಿಲ್ಲ. ಸೊಸೆ ಅತ್ತೆಗೆ ನೀರು ಕೊಡುವುದಿಲ್ಲ ಎಂಬ ಸುದ್ದಿ ಮಾತ್ರ ಸಾರವಾಡದ ನಿನ್ನ ಗಂಡನ ಮನೆಯ ತನಕ ಮುಟ್ಟಿತು.

ನೀನು ಬಸ್ಸಿಳಿದು ಬಂದವಳೇ, ಚಪ್ಪಲಿ ಬಿಡುವ ಮೊದಲೇ, ಓಣಿಯ ಹೆಂಗಸರೆಲ್ಲ ಕೇಳುವಂತೆ ಅಂದೆ: “ನಮ್ಮವ್ವನ್ನ ನೀರಿಲ್ದ ಸಾಯಿಸಬೇಕಂತ ಮಾಡೀರೇನ್ರಿ ವೈನಿ?”

ಡಾಕ್ಟರ ಮಾತು ಹೇಳಬಹುದಿತ್ತು. ಮೈಯೆಲ್ಲ ಉರಿದುಹೋಯಿತು—ಇವಳಿಗೆ ನಾನೇಕೆ ಜವಾಬು ಕೊಡಬೇಕು? “ಅಷ್ಟ ಕಳಕಳಿ ಇದ್ರ ನೀನ ಕುಡಸವ್ವಾ,” ಅಂದುಬಿಟ್ಟೆ.

ತವರಿಗೆ ಬಂದ ಮಗಳು ತಾಯಿಗೆ ತನ್ನ ಕೈಯಾರೆ ಏನಾದರೂ ಕುಡಿಸದೆ ಇರುತ್ತಾಳೆಯೇ? ನೀನು ಮಲಗಿದ್ದವರ ತಲೆಯನ್ನಷ್ಟೇ ಎತ್ತಿ ತಂಬಿಗೆ ಬಾಯಿಗಿಟ್ಟೆ. ಅತ್ತೆ ಗಟಗಟ ಕುಡಿದರು, ಕೆಮ್ಮಿದರು, ಗಂಟಲು ಗೊರಗೊರ ಅಂದಿತು. ನೀನು ಎದೆ ಸವರಿ ಮತ್ತೆ ಕುಡಿಸಿದೆ. ನನಗೆ ಒಂಥರಾ ಸುಖವಾಯಿತು, ಶಾಂತಾ. ಅತ್ತೆಯನ್ನು ನೋಡಿಕೊಳ್ಳುವುದು ಎಷ್ಟು ಕಷ್ಟವೆಂದು ಇವಳಿಗೂ ಗೊತ್ತಾಗಲಿ ಅಂದುಕೊಂಡೆ. ಅತ್ತೆ ಸಾಯಲಿ ಅಂತಲೂ ಅಂದುಕೊಂಡೆನೋ ಏನೋ—

ಜ್ವರ ಬಂತು, ಉಬ್ಬಸ ಹತ್ತಿತು, ಆಸ್ಪತ್ರೆಯಿಂದ ಅವರು ಜೀವಂತ ತಿರುಗಿ ಬರಲಿಲ್ಲ. ಹೆಣದ ಮುಂದೆ ನೀನು ಅಳುತ್ತಿದ್ದಾಗ, ನೆರೆದ ಮಂದಿಗೆ ಹೇಳಿದವಳು ನಾನು: “ಇಕಿನ ನೀರ ಕುಡಿಸಿ ಕೊಂದ್ಳು.” ಅಂದಿನಿಂದ ನೀನು ತವರಿನ ಹೊಸ್ತಿಲು ತುಳಿದಿಲ್ಲ.

ನಿನ್ನ ಮೇಲಿನ ಸಿಟ್ಟು ನನಗಿನ್ನೂ ಆರಿಲ್ಲ, ಸುಳ್ಳು ಏಕೆ ಹೇಳಲಿ. ಆದರೆ ಅವ್ವನನ್ನು ಕೊಂದವಳು ತಾನೇ ಎಂದು ನೀನು ಈಗಲೂ ಎದೆ ಬಡಿದುಕೊಳ್ಳುತ್ತೀ ಅಂತ ನಿನ್ನ ಅಣ್ಣ ಹೇಳಿದರು. ನಾಳೆ ಸಾರವಾಡಕ್ಕೆ ಬರುತ್ತೇನೆ. ನಿನ್ನ ಗಂಡ, ಅತ್ತೆ, ಓಣಿಯ ಮಂದಿ, ಎಲ್ಲರ ಮುಂದೆ ಹೇಳುತ್ತೇನೆ: ಶಾಂತಾಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಆಮೇಲೆ ನೀನು ಬಾಗಿಲು ಹಾಕಿಕೊಂಡರೆ ಬಡಿಯುವುದಿಲ್ಲ.