ಒಲೆಗೆ ಹೋದ ಪೆಟ್ಟಿಗೆ

ಆ ವರ್ಷ ಯುಗಾದಿಯ ಎಣ್ಣೆನೀರಿಗೆ ಸೌದೆ ಒಡೆದವನು ನಾನೇ. ಅಟ್ಟದ ಮೇಲಿದ್ದ ಅವ್ವನ ಗ್ರಾಮಫೋನು ಪೆಟ್ಟಿಗೆಗೆ ಗೆದ್ದಲು ಹತ್ತಿ, ಮುಟ್ಟಿದರೆ ಮೂಲೆಗಳು ಪುಡಿಯಾಗುತ್ತಿದ್ದವು. ಬಾಗಿಲ ಚೌಕಟ್ಟಿಗೂ ಹಬ್ಬೀತು ಎಂದು ಹೆದರಿ, ಮೇಲಿನ ಹಲಗೆಯನ್ನು ಯಂತ್ರದ ಸಮೇತ ಬಿಚ್ಚಿಟ್ಟುಕೊಂಡು, ಉಳಿದದ್ದನ್ನು ಕೊಡಲಿಯಲ್ಲಿ ಸೀಳಿ ಹಂಡೆಯ ಒಲೆಗೆ ಹಾಕಿದೆ. ಹಳೆಯ ಮರ, ಚೆನ್ನಾಗಿ ಉರಿಯಿತು. ಎಲ್ಲರಿಗಿಂತ ಮೊದಲು ಸ್ನಾನ ಮಾಡಿ ಬಂದ ಅವ್ವ, "ನೀರು ಇವತ್ತು ಒಳ್ಳೆ ಕಾದದೆ ಕಣ್ಲಾ" ಎಂದಳು.

ನನ್ನದು ಪಾಂಡವಪುರದಲ್ಲಿ ಪಂಪ್‌ಸೆಟ್ ಮೋಟಾರು ರಿವೈಂಡಿಂಗ್ ಮಾಡುವ ಅಂಗಡಿ. ನಮ್ಮ ಕಸುಬಿನಲ್ಲಿ ಒಳಗಿನ ಸುತ್ತು ಸರಿಯಿದ್ದರೆ ಸಾಕು, ಹೊರಗಿನ ಬಾಡಿ ಯಾವುದಾದರೇನು, ನೀರು ಮೇಲೆ ಬರುತ್ತದೆ. ಅದೇ ಬುದ್ಧಿಯಲ್ಲಿ ಗ್ರಾಮಫೋನನ್ನೂ ನೋಡಿದೆ. ಸ್ಪ್ರಿಂಗು, ತಟ್ಟೆ, ಸೂಜಿ ಹಿಡಿಯುವ ತೋಳು ಎಲ್ಲ ಗಟ್ಟಿಯಾಗಿವೆ, ಮರದ ಡಬ್ಬ ಎಲ್ಲಾದರೂ ಸಿಗುತ್ತದೆ ಅಂದುಕೊಂಡೆ. ಸೂಜಿಯಿಂದ ಹೊರಟ ದನಿ ಪೆಟ್ಟಿಗೆಯ ಹೊಟ್ಟೆಯೊಳಗಿದ್ದ ಮರದ ಕೊಳವೆಯಲ್ಲಿ ಹಿಗ್ಗಿ ಹೊರಗೆ ಬರುತ್ತದೆ, ಆ ಕೊಳವೆಯೇ ಅದರ ಗಂಟಲು ಎಂಬುದು ನನಗೆ ಗೊತ್ತಿರಲಿಲ್ಲ. ಹಾಡಿನ ಪ್ಲೇಟು ಇಡುವ ಖಾನೆ ಇರಬೇಕು ಎಂದು ಮೊದಲು ಸೀಳಿದ್ದೇ ಅದನ್ನು. ತಾಲ್ಲೂಕಿಗೆಲ್ಲ ಮೋಟಾರು ರಿಪೇರಿ ಮಾಡುವ ಬುದ್ಧಿವಂತ ನಾನು!

ಯುಗಾದಿ ಕಳೆದು ಎರಡು ತಿಂಗಳಿಗೆ ಅವ್ವನ ಕಿವಿ ಮಂದವಾಯಿತು. ನರ ಸೋತಿದೆ, ಬೇಗ ಬೇಗ ಇಳಿಯುತ್ತಿದೆ, ಹೆಚ್ಚು ದಿನ ಉಳಿಯುವುದಿಲ್ಲ ಎಂದರು ಮೈಸೂರಿನ ಡಾಕ್ಟರು. ಅವರು ಕೊಟ್ಟ ಕಿವಿಯ ಮಿಷನ್ನನ್ನು ಅವ್ವ, ಕುಯ್ಯೋ ಅನ್ನುತ್ತದೆ ಎಂದು ಕಿತ್ತು ಎಲೆಅಡಿಕೆ ಚೀಲಕ್ಕೆ ತುರುಕಿದಳು. ವಾಪಸು ಬರುವಾಗ ಬಸ್ಸು ಶ್ರೀರಂಗಪಟ್ಟಣದ ಸೇತುವೆ ದಾಟುತ್ತಿತ್ತು. ನನ್ನ ತೋಳು ಹಿಡಿದುಕೊಂಡು ಹೇಳಿದಳು:

"ಪೂರ್ತಿ ಕಿವುಡಾಗೋಕೆ ಮುಂಚೆ ನಮ್ಮಪ್ಪನ್ ಪ್ಲೇಟು ಒಂದ್ಸಲ ಹಾಕ್ಲಾ."

ಅವಳ ಅಪ್ಪ ನಾಟಕದ ಕಂಪನಿಯಲ್ಲಿ ಹಾಡುತ್ತಿದ್ದವರು. ಒಂದೇ ಒಂದು ಪ್ಲೇಟಿಗೆ ಹಾಡಿ, ಅದನ್ನು ಕೇಳಲೆಂದು ಈ ಯಂತ್ರ ತಂದು, ಅವ್ವನಿಗೆ ಆರು ವರ್ಷ ಇದ್ದಾಗ ತೀರಿಕೊಂಡರು. ಒಂದು ಫೋಟೋ ಕೂಡ ಇಲ್ಲ. ಅವ್ವನಿಗೆ ಅಪ್ಪ ಎಂದರೆ ಮೂರು ನಿಮಿಷದ ಆ ಹಾಡು ಅಷ್ಟೇ. ಅಟ್ಟ ಸೇರುವ ಮುಂಚೆ, ಹಬ್ಬಹರಿದಿನಗಳಲ್ಲಿ ಪೆಟ್ಟಿಗೆಗೆ ಕೆನ್ನೆ ಆನಿಸಿ ಕೂತು ಕೇಳುತ್ತಿದ್ದಳು.

ಪೆಟ್ಟಿಗೆ ಒಲೆಗೆ ಹೋಯಿತು ಎನ್ನಲು ಬಾಯಿ ಬರಲಿಲ್ಲ. "ರಿಪೇರಿಗೆ ಕೊಟ್ಟಿದ್ದೀನಿ ಕಣವ್ವ" ಎಂದು ಜೋರಾಗಿ ಸುಳ್ಳು ಹೇಳಿದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು.

ಮಾರನೆಯ ದಿನದಿಂದ ನನಗೆ ಹುಚ್ಚು ಹಿಡಿಯಿತು. ಪ್ಲೈವುಡ್ಡಿನಲ್ಲಿ ಪೆಟ್ಟಿಗೆ ಮಾಡಿಸಿದೆ. ತಾತನ ದನಿ ಡಬ್ಬದೊಳಗೆ ಸಿಕ್ಕಿಕೊಂಡ ನೊಣದ ಹಾಗೆ ಗುಂಯ್‌ಗುಟ್ಟಿತು. ಪ್ಲೇಟನ್ನು ಮೊಬೈಲಿಗೆ ತುಂಬಿಸಿಕೊಂಡು ಬಂದು ಅವ್ವನ ಕಿವಿಗೆ ಹಿಡಿದೆ. "ಇದ್ಯಾರ್ಲಾ ಮೂಗಲ್ಲಿ ಮಾತಾಡ್ತಾವ್ರೆ?" ಎಂದು ಫೋನು ವಾಪಸು ಕೊಟ್ಟಳು. ಶ್ರೀರಂಗಪಟ್ಟಣದಲ್ಲಿ ಟೂರಿಸ್ಟುಗಳಿಗೆ ಹಳೆಯ ಸಾಮಾನು ಮಾರುವವನ ಅಂಗಡಿಗೆ ಹೋದರೆ, ಅವನಲ್ಲಿದ್ದ ಗ್ರಾಮಫೋನುಗಳೆಲ್ಲ ಬರೀ ಶೋಕಿಗೆ. ಒಳಗೆ ಯಂತ್ರವೇ ಇಲ್ಲ. ಅವನು ನನ್ನ ಯಂತ್ರವನ್ನೇ ತನಗೆ ಕೊಡು ಎಂದು ಗಂಟುಬಿದ್ದ.

ಮರ ಸಿಗದಿದ್ದರೆ ಹಿತ್ತಾಳೆಯ ಕೊಂಬನ್ನಾದರೂ ಮಾಡಿಸೋಣ ಎಂದು ಯಂತ್ರವನ್ನು ಗೋಣಿಚೀಲದಲ್ಲಿ ಕಟ್ಟಿಕೊಂಡು ನಾಗಮಂಗಲಕ್ಕೆ ಹೋದೆ, ದೇವರ ವಿಗ್ರಹ ಎರಕ ಹೊಯ್ಯುವ ಒಬ್ಬರ ಹತ್ತಿರ. ಅವರು ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಕೊಂಬು ಮಾಡ್ಕೊಡ್ಬೋದು ಕಣಣ್ಣ, ಆದ್ರೆ ಇದು ಮರದೊಳಗೆ ಕೂರೋ ಮಿಷನ್ನು. ಸಿಂಧಘಟ್ಟದಾಗೆ ಒಂದು ಮನೇಲಿ ಇಂಥದ್ದೇ ಪೆಟ್ಟಿಗೆ ನೋಡಿವ್ನಿ. ದೇವಿ ಮುಖವಾಡ ಸರಿ ಮಾಡಕೆ ಓಗಿದ್ದೆ. ಆಯಮ್ಮ ಅದರೊಳಗೇ ಕುಂತವ್ಳೆ."

ಅಲ್ಲಿಂದ ಸೀದಾ ಕೆ.ಆರ್. ಪೇಟೆ ಬಸ್ಸು ಹತ್ತಿ, ಸಂಜೆಯೊಳಗೆ ಸಿಂಧಘಟ್ಟದ ಆ ಮನೆ ಹುಡುಕಿದೆ. ಯಜಮಾನಿ ಒಬ್ಬ ಅಜ್ಜಿ. ದೇವರ ಮೂಲೆಯಲ್ಲಿ ಪೆಟ್ಟಿಗೆ ಇತ್ತು. ಅವರ ಯಂತ್ರ ಯಾವಾಗಲೋ ತುಕ್ಕು ಹಿಡಿದು ಗುಜರಿಗೆ ಹೋಗಿ, ಖಾಲಿಯಾದ ಜಾಗದಲ್ಲಿ ಮನೆದೇವತೆ ಕೂತಿದ್ದಳು. ಕೀ ಕೊಡುವ ಹಿಡಿ ತೂರಿಸುವ ತೂತಿನಲ್ಲಿ ದೇವರ ಬಲ್ಬಿನ ವೈರು ಹಾಯಿಸಿದ್ದರು. ಕೆಳಗೆ ಮರದ ಕೊಳವೆ ಎಳ್ಳಷ್ಟೂ ಕೆಟ್ಟಿರಲಿಲ್ಲ, ಅದರ ಬಾಯಿಯಲ್ಲಿ ಊದುಬತ್ತಿ ಕಟ್ಟು ಇಟ್ಟಿದ್ದರು. ತೇಗದ ಹೊಸ ಗೂಡು ಮಾಡಿಸಿಕೊಡುತ್ತೇನೆ, ಇದನ್ನು ನನಗೆ ಕೊಡಿ ಎಂದು ಕೈಮುಗಿದೆ.

"ನನ್ನೇನ್ ಕೇಳೀಯೆ? ಅವಳ ಮನೆ ಅದು, ಅವಳನ್ನೇ ಕೇಳುವ" ಎಂದರು ಅಜ್ಜಿ.

ಮುಖವಾಡದ ನೆತ್ತಿಯ ಮೇಲೆ ಒದ್ದೆ ಮಾಡಿದ ಕಣಗಿಲೆ ಹೂವು ಇಟ್ಟರು. ಬಲಕ್ಕೆ ಬಿದ್ದರೆ ಒಪ್ಪಿಗೆ, ಎಡಕ್ಕೆ ಬಿದ್ದರೆ ಇಲ್ಲ. ದೇವರು ದಿಂಡರನ್ನು ಅಷ್ಟಾಗಿ ನಂಬದ ನಾನು ಆವತ್ತು ಬಲಕ್ಕೆ ಬಲಕ್ಕೆ ಎಂದು ಮನಸ್ಸಿನಲ್ಲೇ ಗೋಗರೆದೆ. ಹೂವು ಎಡಕ್ಕೆ ಬಿತ್ತು.

"ಇನ್ನೊಂದ್ಸಲ ಕೇಳಜ್ಜಿ."

"ಕೇಳಿದ್ದನ್ನೇ ಕೇಳಬಾರದು ಕಣಪ್ಪ."

ಐವತ್ತೈದು ದಾಟಿದ ಗಂಡಸು ನಾನು, ಆ ಪಡಸಾಲೆಯಲ್ಲಿ ಕೂತು ಅತ್ತುಬಿಟ್ಟೆ. ಒಲೆ, ಎಣ್ಣೆನೀರು, ಅವ್ವನ ಕಿವಿ, ನನ್ನ ಸುಳ್ಳು ಎಲ್ಲ ಹೇಳಿಕೊಂಡೆ. ಅಜ್ಜಿ ಸೆರಗಿನಲ್ಲಿ ಮೂಗು ಒರೆಸಿಕೊಂಡರು.

"ಪೆಟ್ಟಿಗೆ ಆಚೆಗೆ ಕೊಡಾಕಿಲ್ಲ ಅಂದವ್ಳೆ. ನಿಮ್ಮವ್ವ ಒಳಕ್ಕೆ ಬರಬ್ಯಾಡ ಅಂದ್ಲಾ? ಇದು ಬ್ಯಾರೆ ಮಾತು, ಕೇಳ್ಬೋದು."

ಒಂದು ಗಳಿಗೆ ಮಣೆಯ ಮೇಲೆ ಕೂತಿರುತ್ತೀಯಾ ತಾಯಿ ಎಂದು ಮತ್ತೆ ಹೂವು ಇಟ್ಟರು. ಈ ಸಲ ಬಲಕ್ಕೆ ಬಿತ್ತು. ಗುರುವಾರ ಕರೆದುಕೊಂಡು ಬಾ ಎಂದರು.

ಬುಧವಾರ ಫೋನು ಬಂತು. ಅವರ ದಾಯಾದಿಗಳಲ್ಲಿ ಸಾವಾಗಿತ್ತು. ಸೂತಕ, ಹನ್ನೊಂದು ದಿನ ದೇವರನ್ನು ಮುಟ್ಟುವ ಹಾಗಿಲ್ಲ. ಸತ್ತವರ ಮೇಲೆ ನನಗೆ ಸಿಟ್ಟು ಬಂತು. ಇಂಥ ಸಿಟ್ಟು ಬರಬಾರದು, ಬಂತು. ನಾಲ್ಕನೆಯ ದಿನ ಅವ್ವನಿಗೆ ಕುಕ್ಕರಿನ ಸೀಟಿ ಕೇಳಲಿಲ್ಲ. ಏಳನೆಯ ದಿನ ಬಾಗಿಲಲ್ಲೇ ನಿಂತ ಟ್ರಾಕ್ಟರಿನ ಸದ್ದೂ ಕೇಳಲಿಲ್ಲ. ಒಂಬತ್ತನೆಯ ದಿನ, ನಿಜ ಹೇಳಿಯೇಬಿಡೋಣ ಎಂದು ಅವಳೆದುರು ಕೂತು, "ಪೆಟ್ಟಿಗೆ ಸುಟ್ಟಾಕ್ಬುಟ್ಟೆ ಕಣವ್ವ, ನಾನೇ" ಎಂದೆ. ಅವಳು ನನ್ನ ಬಾಯಿಯನ್ನೇ ನೋಡುತ್ತಿದ್ದವಳು ನಕ್ಕು, "ಊ ಕಣ್ಲಾ, ಉಂಡೆ" ಎಂದಳು.

ಸೂತಕ ಕಳೆದ ಮರುದಿನ ಸಿಂಧಘಟ್ಟಕ್ಕೆ ಆಟೋ ಮಾಡಿಕೊಂಡು ಹೋದೆವು. ಅಜ್ಜಿ ದೇವತೆಯನ್ನು ಅಕ್ಕಿ ಹರಡಿದ ಮಣೆಗೆ ಇಳಿಸಿ, ಪೆಟ್ಟಿಗೆಯ ಕುಂಕುಮ ಒರೆಸಿಕೊಟ್ಟರು. ನನ್ನ ಹಲಗೆ ಅದರ ಮೇಲೆ ಕೂದಲೆಳೆ ಜಾಗ ಬಿಡದೆ ಕೂತಿತು. ಕೀ ಕೊಟ್ಟು ಸೂಜಿ ಇಟ್ಟೆ. ಮನೆತುಂಬ ತಾತನ ದನಿ ಎದ್ದಿತು. ಅಡುಗೆಮನೆಯಿಂದ ಹೆಂಗಸರು ಕೈ ಒರೆಸಿಕೊಳ್ಳುತ್ತ ಬಂದು ನಿಂತರು. ಅವ್ವ ಪೆಟ್ಟಿಗೆಯ ಪಕ್ಕ ಕೂತು, ಅದರ ಮೈಗೆ ಕೆನ್ನೆ ಆನಿಸಿ, ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕತೊಡಗಿದಳು. ಮುಖ ಅರಳಿತ್ತು. ಕೇಳುತ್ತಿದೆ ಎಂದು ನನಗೆ ಜೀವ ಬಂದ ಹಾಗಾಯಿತು.

ಮೂರು ನಿಮಿಷಕ್ಕೆ ಹಾಡು ಮುಗಿಯಿತು. ಖಾಲಿ ಗೆರೆಯಲ್ಲಿ ಸೂಜಿ ಚರಚರ ಸುತ್ತುತ್ತಿತ್ತು. ಎತ್ತಲು ಕೈ ಚಾಚಿದೆ. ಅವ್ವನ ತಾಳ ನಿಂತಿರಲಿಲ್ಲ.

"ತೆಗೀಬ್ಯಾಡ ಕಣ್ಲಾ" ಎಂದಳು, ಕಣ್ಣು ತೆರೆಯದೆ. "ಇನ್ನೂ ಹಾಡ್ತಾವ್ರೆ."

ಅಜ್ಜಿ ನನ್ನ ಮುಖ ನೋಡಿದರು. ನಾನು ಸೂಜಿ ಎತ್ತಲಿಲ್ಲ, ಇನ್ನಷ್ಟು ಕೀ ಕೊಟ್ಟೆ.