ನೆನೆಸಿದ ಉದ್ದಿನಬೇಳೆ

ಮೊನ್ನೆ ಬೆಳಿಗ್ಗೆ ದೋಸೆಗೆ ರುಬ್ಬುವಾಗ ಹೊಸ ಮಿಕ್ಸಿಯಿಂದ ಸುಟ್ಟ ವಾಸನೆ ಬಂತು. ಸ್ವಿಚ್ ಆರಿಸಿ ನಿಂತವಳಿಗೆ ಮಳವಳ್ಳಿಯ ಮಿಕ್ಸಿ ಅಂಗಡಿಯವರು ನೆನಪಾದರು. ಅವರ ಅಂಗಡಿ ತುಂಬ ಇದೇ ವಾಸನೆ... ರಿಪೇರಿಗೆ ಬಂದ ಮೋಟಾರುಗಳದು.

ನಾವಾಗ ಕಿರುಗಾವಲಿನಲ್ಲಿದ್ದೆವು. ಮೊದಲ ಮಿಕ್ಸಿ ಕೊಳ್ಳಲು ಅವ್ವನೂ ನಾನೂ ಹೋದಾಗ ಅವರು ಕೇಳಿದ್ದು ಒಂದೇ. "ನೆನ್ಸಿದ್ ಉದ್ದಿನಬ್ಯಾಳೆ ತಂದಿದ್ದೀರಾ?" ತಂದಿರಲಿಲ್ಲ. ವಾಪಸ್ಸು ಕಳಿಸಿದರು. ಮರುದಿನ ಸ್ಟೀಲ್ ಡಬ್ಬಿಯಲ್ಲಿ ಬೇಳೆ ಹಿಡಿದು ಮತ್ತೆ ಬಸ್ಸು ಹತ್ತಿದೆವು. ಅವ್ವ ಮೆಚ್ಚಿದ್ದ ಕೆಂಪು ಮಿಕ್ಸಿಗೆ ಅದನ್ನು ಹಾಕಿ ಓಡಿಸಿದರು. ಅದರ ಹೊಟ್ಟೆಗೆ ಅಂಗೈ ಒತ್ತಿ, ಮಗುವಿನ ಜ್ವರ ನೋಡುವವರಂತೆ ನಿಂತರು.

"ಇದು ಬ್ಯಾಡ ಕಣಮ್ಮ. ಕಾಯ್ತದೆ."

"ನೀನು ಮಾರಕ್ಕೆ ಕುಂತಿದ್ದೀಯೋ, ಗಿರಾಕಿ ಓಡ್ಸಕ್ಕೆ ಕುಂತಿದ್ದೀಯೋ?" ಅವ್ವ ರೇಗಿದಳು.

"ನಾಳೆ ಇದ್ನ ಒತ್ಕೊಂಡ್ ಬಂದು ಬಯ್ಯೋರೂ ನೀವೇ ಅಲ್ವಾ?"

ಅವರು ಕೊಟ್ಟ ಬಿಳಿ ಮಿಕ್ಸಿ ನೋಡಲು ಚೆನ್ನಾಗಿರಲಿಲ್ಲ. ಆದರೆ ನನಗೆ ಮದುವೆಯಾಗಿ, ಮಗಳು ಸ್ಕೂಲಿಗೆ ಹೋಗುವವರೆಗೂ ರುಬ್ಬಿತು.

ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು. ಈಗ ಅಲ್ಲಿ ಮೊಬೈಲ್ ಕವರು ಮಾರುತ್ತಾರೆ. ನಾನು ಮಂಡ್ಯದ ಮನೆಯಲ್ಲೇ ಕೂತು, ಫೋನಿನಲ್ಲಿ ಜನ ಬರೆದದ್ದು ಓದಿ ಈ ಮಿಕ್ಸಿ ತರಿಸಿದ್ದೆ. ಹಿಟ್ಟು ಬೆಣ್ಣೆಯಂತೆ ಬರುತ್ತದೆ ಎಂದು ಎಲ್ಲರೂ ಬರೆದಿದ್ದರು. ಡಬ್ಬದೊಳಗೊಂದು ಚೀಟಿಯಿತ್ತು: ಐದು ಸ್ಟಾರ್ ಕೊಟ್ಟು ನಾಲ್ಕು ಒಳ್ಳೆಯ ಮಾತು ಬರೆದರೆ ಚಟ್ನಿ ಜಾರ್ ಉಚಿತ. ಪ್ಲಗ್ ಹಾಕುವ ಮೊದಲೇ ನಾನೂ ಬರೆದೆ, ಹಿಟ್ಟು ಬೆಣ್ಣೆಯಂತೆ ಬರುತ್ತದೆ ಎಂದು. ಜಾರ್ ಬಂತು.

ಮೊನ್ನೆಯ ವಾಸನೆಗೆ ಪಕ್ಕದ ಮನೆಯವಳು ಬಾಗಿಲಿಗೆ ಬಂದಳು. "ಏನಕ್ಕ, ಮಿಕ್ಸಿ ಸುಟ್ಟೋಯ್ತಾ? ನೀವ್ ಬರ್ದಿದ್ದು ನೋಡ್ಬುಟ್ಟು ನಾನೂ ಅದ್ನೇ ತರ್ಸಿವ್ನಿ. ನಿನ್ನೆ ಬಂತು."

ನನ್ನ ಮಾತು ಅಳಿಸಿ, ಒಂದು ಸ್ಟಾರ್ ಕೊಟ್ಟು, ಆದದ್ದನ್ನು ಬರೆದೆ. ಅಷ್ಟಕ್ಕೆ ಮನಸ್ಸು ಒಪ್ಪಲಿಲ್ಲ. ಉಳಿದ ಬೇಳೆ ಹಿಡಿದು ಅವಳ ಅಡುಗೆಮನೆಗೆ ಹೋದೆ. ಹೊಸ ಮಿಕ್ಸಿಗೆ ಹಾಕಿ, ಹೊಟ್ಟೆಗೆ ಅಂಗೈ ಒತ್ತಿ ನಿಂತೆ. ಬೆಚ್ಚಗಾಯಿತು. ಇಷ್ಟು ಬಿಸಿ ಸರಿಯೋ, ಹೆಚ್ಚೋ... ಆ ಅಂಗಡಿಯವರ ಅಂಗೈಗೆ ತಿಳಿಯುತ್ತಿದ್ದದ್ದು ನನ್ನ ಅಂಗೈಗೆ ತಿಳಿಯಲಿಲ್ಲ.

"ಯೋಳಿ ಅಕ್ಕ, ಇಟ್ಕೊಳ್ಳಾ?"

"ವಾಪಸ್ಸು ಕಳ್ಸ್ಬುಡು ಕಣಮ್ಮ," ಎಂದೆ. "ನಾನು ರುಬ್ಬಿ ನೋಡ್ದೇ ಬರ್ದಿದ್ದೆ."